ಒಂದೇ ತೋಳು ಹಸಿರು

ದ್ವಾರಕಾ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯ ನಿವೃತ್ತ ಮೇಜರ್ ಅಂಕಲ್ ಪ್ರತಿ ಭಾನುವಾರ ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ ಯುದ್ಧದಾಟ ಆಡುತ್ತಿದ್ದರು. ಆಟಕ್ಕೆ ಸೇರುವವರು ತಮ್ಮದೇ ಸೈನ್ಯ ಕೊಳ್ಳಬೇಕಿತ್ತು. ಹೊಸಬರ ಕೈಗೆ ಕುಂಚವನ್ನೂ ಬಣ್ಣವಿಲ್ಲದ ಒಬ್ಬ ಸೈನಿಕನನ್ನೂ ಕೊಟ್ಟು, "ಮೊದಲು ಬಣ್ಣ ಹಚ್ಚಿ, ಬೆಲೆ ಆಮೇಲೆ" ಎನ್ನುತ್ತಿದ್ದರು. ನನ್ನ ಡೈರಿಯ ಪ್ರಕಾರ ಹತ್ತೊಂಬತ್ತು ಮಂದಿ ಬಂದಿದ್ದರು, ಉಳಿದವನು ನಾನೊಬ್ಬನೇ. ನಾನೂ ಮುಂದಿನ ತಿಂಗಳು ಘಾಜಿಯಾಬಾದಿಗೆ ಹೊರಟಿದ್ದೆ.

ಇಪ್ಪತ್ತನೆಯವಳು ಜನಕಪುರಿಯ ಕಾಲೇಜು ಹುಡುಗಿ. ಒಂದು ತೋಳಿಗೆ ಹಸಿರು ಹಚ್ಚಿ, "ಅಚ್ಛಾ, ಪೂರಾ ಸೈನ್ಯಕ್ಕೆ ಎಷ್ಟಾಗುತ್ತೆ?" ಎಂದಳು. ನಾನು ಡೈರಿ ತೆರೆದು, ಕುಂಚದ ಬೆಲೆಯನ್ನೂ ಸೇರಿಸಿ ಮೊತ್ತ ಓದಿದೆ.

"ಬಾಪ್ ರೇ, ನನ್ನ ಸೆಮಿಸ್ಟರ್ ಫೀಸ್!" ಎನ್ನುತ್ತ ಅವಳು ಕುಂಚ ತೊಳೆದಿಟ್ಟು ಹೊರಟಳು.

"ಇನ್ನೊಂದು ತೋಳು ಮುಗಿಯಲಿ ಅಂತಿದ್ದೆ ಕಣಪ್ಪಾ" ಎಂದರು ಅಂಕಲ್, ಅಷ್ಟೆ.

ನನ್ನ ಕೊನೆಯ ಭಾನುವಾರವೂ ಆ ಸೈನಿಕ ಅವಳು ಕೂತಿದ್ದ ಕುರ್ಚಿಯ ಮುಂದೆ ಹಾಗೆಯೇ ನಿಂತಿದ್ದ.