ಮುಳುಗಲಾರದ ಕರಿಮೀನು

೨೦೦೧ರಲ್ಲಿ, ಏಳನೇ ತರಗತಿ ಮುಗಿಯುವ ಮೊದಲೇ, ನಾನು ಓದು ನಿಲ್ಲಿಸಿದೆ. ಅಂದಿನಿಂದ ಕೆರೆಯೇ ಕೆಲಸ. ಮೀನುಮರಿ ತಂದು ಎಸ್ಟೇಟ್ ಕೆರೆಗಳಿಗೆ ಬಿಡುವುದು, ಬೆಳೆಸುವುದು, ಹಿಡಿದುಕೊಡುವುದು. ಮಾದಾಪುರದಿಂದ ಸಿದ್ದಾಪುರದವರೆಗೆ ನನ್ನ ಪಿಕಪ್ ನಿಲ್ಲದ ಎಸ್ಟೇಟ್ ಕಡಿಮೆ. ನನ್ನ ಹೆಂಡತಿಯ ತಮ್ಮ ಪ್ರದೀಪ ಮೀನುಗಾರಿಕೆಯಲ್ಲಿ ಡಿಪ್ಲೊಮಾ ಓದಿದವನು. ಬಲೆ ಎಸೆಯಲು ಅವನಿಗೆ ಕಲಿಸಿದ್ದು ನಾನು. ಆದರೂ ಸಾಹುಕಾರರು ಅವನಿಗೆ ಕುರ್ಚಿ ಹಾಕಿ ‘ಸಾರ್’ ಎನ್ನುತ್ತಾರೆ. ನನ್ನನ್ನು ‘ಮೀನು ಶಿವಣ್ಣ’ ಎಂದು ಕರೆದು ಕೆರೆಯ ದಾರಿ ತೋರಿಸುತ್ತಾರೆ. ಇದನ್ನು ನನಗೆ ಅಂದೂ ಸಹಿಸಲಾಗಲಿಲ್ಲ, ಇಂದೂ ಸಹಿಸಲಾಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಚೆಟ್ಟಳ್ಳಿ ಹತ್ತಿರದ ಸಾಹುಕಾರರೊಬ್ಬರು ತಮ್ಮ ಹೋಂಸ್ಟೇಗೆ ಬರುವವರಿಗಾಗಿ ಕರಿಮೀನು ಬೇಕೆಂದರು. ಅವರ ಎಸ್ಟೇಟಿನಲ್ಲಿ ಮೂರು ಕೆರೆ.

"ಮೊದ್ಲು ಮೇಲಿನ ಸಣ್ಣ ಕೆರೆಗೆ ಬಿಡು. ಮೀನು ನಿಂತ್ರೆ ಮೂರೂ ನಿಂಗೆ. ಇಲ್ದಿದ್ರೆ ನಿನ್ನ ಭಾಮೈದಂಗೆ ಹೇಳ್ತೀನಿ."

ಕರಿಮೀನು ಕೇರಳದ ಕರಾವಳಿಯದು. ಸಿಹಿನೀರಿಗೆ ಒಗ್ಗಿಸಿದ್ದ ಮರಿಗಳನ್ನು ಕಣ್ಣೂರು ಕಡೆಯಿಂದ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ತಂದೆ. ಮಾಕುಟ್ಟದ ಘಾಟಿ ಹತ್ತುವಷ್ಟರಲ್ಲಿ ಚೀಲಗಳು ಬಿಗಿದು ಚೆಂಡಿನಂತಾಗಿದ್ದವು. ಅವನ್ನು ಕೆರೆಯಲ್ಲಿ ತೇಲಿಸಿ, ಒಳಗಿನ ನೀರೂ ಕೆರೆಯ ನೀರೂ ಒಂದೇ ಬಿಸಿಗೆ ಬಂದ ಮೇಲೆ ಬಾಯಿ ಬಿಚ್ಚಿದೆ. ಒಂದು ಮೀನೂ ಕೆಳಗಿಳಿಯಲಿಲ್ಲ. ತಲೆ ಕೆಳಗೆ ಮಾಡಿ ಬಾಲ ಬಡಿಯುತ್ತವೆ, ಮತ್ತೆ ತೇಲಿ ಮಗ್ಗುಲಾಗುತ್ತವೆ. ಮೇಲೆ ಹದ್ದುಗಳು ಸುತ್ತತೊಡಗಿದವು.

ನಮ್ಮ ಕೆಲಸದಲ್ಲಿ ಮೀನು ಮೇಲೆ ಬಂತೆಂದರೆ ನೀರಿನಲ್ಲಿ ಆಕ್ಸಿಜನ್ ಸಾಲದೆಂದೇ ಲೆಕ್ಕ. ಕಾಟ್ಲ, ರೋಹು ಸಾಕಿದವರೆಲ್ಲ ಆಗ ಕಾಫಿ ತೋಟಕ್ಕೆ ನೀರು ಹಾಯಿಸುವ ಪಂಪ್ ಓಡಿಸಿ, ಕೆರೆಯ ನೀರನ್ನೇ ಎತ್ತಿ ಕೆರೆಗೇ ಸುರಿಯುತ್ತಾರೆ. ನಾನೂ ಸುರಿಸಿದೆ. ಮೀನುಗಳು ಅಲೆಗೆ ಸಿಕ್ಕಿ ದಡಕ್ಕೆ ಬಂದು ಬಿದ್ದವು.

ಅಷ್ಟರಲ್ಲಿ ಸಾಹುಕಾರರು ಪ್ರದೀಪನಿಗೆ ಫೋನ್ ಮಾಡಿದ್ದರು. ಅವನು ಇಸ್ತ್ರಿ ಹಾಕಿದ ಶರ್ಟಿನಲ್ಲಿ ಬಂದು ಏರಿಯ ಮೇಲೆ ನಿಂತ.

"ಭಾವ, ಪಂಪ್ ಆಫ್ ಮಾಡಿ. ಇವು ಉಸಿರಿಗೆ ಬಂದಿದ್ದಲ್ಲ. ಇಳಿಯೋಕೆ ಆಗ್ತಿಲ್ಲ."

"ಏರಿ ಮೇಲಿಂದ್ಲೇ ಕಂಡ್ಯಾ? ಅಲ್ಲೇ ಇರು, ಶೂ ಒದ್ದೆ ಆದೀತು."

ಅವನು ನಕ್ಕ. "ದಾರೀಲಿ ಪ್ಲಾಸ್ಟಿಕ್ ಚೀಲ ಉಬ್ಬಿತ್ತಲ್ವಾ? ಮೀನಿನ ಹೊಟ್ಟೇಲಿರೋ ಚೀಲನೂ ಹಂಗೇ ಉಬ್ಬಿದೆ."

ಮೀನು ಕೊಯ್ದಾಗ ಬೆನ್ನೆಲುಬಿನ ಕೆಳಗೆ ಬಿಳಿ ಬಲೂನಿನಂಥದ್ದು ಸಿಗುತ್ತದಲ್ಲ, ಅದೇ ಈಜುಚೀಲ. ಅದರೊಳಗಿನ ಗಾಳಿ ಹದವಾಗಿದ್ದರೆ ಮೀನು ತೇಲದೆ, ಮುಳುಗದೆ, ಬೇಕಾದ ಆಳದಲ್ಲಿ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಏರಿದರೆ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ, ಚೀಲ ಹಿಗ್ಗುತ್ತದೆ. ಕಾಟ್ಲ, ರೋಹುಗಳಿಗೆ ಆ ಚೀಲದಿಂದ ಗಂಟಲಿಗೆ ಕೊಳವೆ ಇದೆ. ಹೆಚ್ಚಾದ ಗಾಳಿಯನ್ನು ತೇಗಿಬಿಡುತ್ತವೆ. ಕರಿಮೀನಿಗೆ ಆ ಕೊಳವೆ ಇಲ್ಲ. ಗಾಳಿ ನಿಧಾನವಾಗಿ ರಕ್ತಕ್ಕೆ ಸೇರಿಯೇ ಕಡಿಮೆಯಾಗಬೇಕು. ಒಂದು ಮೀಟರ್ ಆಳದಲ್ಲಿ ನೀರಿನ ಭಾರವೇ ಇಳಿದ ಒತ್ತಡವನ್ನು ತುಂಬಿಕೊಡುತ್ತದೆ, ಅಷ್ಟು ಕೆಳಗೆ ಒಂದು ದಿನ ಹಿಡಿದಿಟ್ಟರೆ ಸಾಕು ಎಂದ.

ಅವನ ಮಾತು ಸುಳ್ಳಾಗಲಿ ಎಂದು ನನ್ನ ಅರ್ಧ ಮನಸ್ಸು, ಮೀನು ಉಳಿಯಲಿ ಎಂದು ಇನ್ನರ್ಧ. ಕಬ್ಬಿಣದ ಸರಳಿಗೆ ಬಲೆ ಹೊಲಿದು ಮುಚ್ಚಳದ ಪಂಜರ ಮಾಡಿದ್ದು ನಾನು. ಎದೆಮಟ್ಟದ ನೀರಿಗಿಳಿದು, ಒಂದೊಂದೇ ಮೀನು ಹಿಡಿದು ತುಂಬಿ, ಕಲ್ಲು ಕಟ್ಟಿ ಇಳಿಸಿದ್ದೂ ನಾನು. ಅವನು ಏರಿಯ ಮೇಲೆ ಸಾಹುಕಾರರ ಜೊತೆ ಕಾಫಿ ಕುಡಿಯುತ್ತಿದ್ದ.

ಮರುದಿನ ಮುಚ್ಚಳ ತೆಗೆದೆ. ಮೀನುಗಳು ತೇಲಲಿಲ್ಲ; ಹೊರಬಂದು ನೆಟ್ಟಗೆ ಆಳಕ್ಕೆ ಇಳಿದವು. ಆ ಸಂತೋಷವನ್ನು ಅನುಭವಿಸಲು ಸಾಹುಕಾರರು ಬಿಡಲಿಲ್ಲ.

"ಈ ಕೆರೆ ನೀನು ನೋಡ್ಕೊ ಶಿವಣ್ಣ. ಕೆಳಗಿನ ಎರಡು ಸಾರ್ ನೋಡ್ಕೊಳ್ಲಿ."

"ನೀರಿಗೆ ಇಳಿದೋನು ನಾನು, ಸಾವ್ಕಾರ್ರೆ."

"ಯಾಕೆ ಇಳೀಬೇಕು ಅಂತ ಹೇಳಿದ್ದು ಅವ್ರು."

ನಾನು ಖಾಲಿ ಪಂಜರ ಎಳೆದು ಪಿಕಪ್ಪಿಗೆ ಹಾಕಿದೆ.

ಮೇಲೆ ಬಂದ ಮೀನು ಗಾಳಿಗೆ ಬಾಯಿ ತೆರೆಯುತ್ತಿದೆಯೋ, ಕೆಳಗಿಳಿಯಲು ಹೆಣಗುತ್ತಿದೆಯೋ ಎಂದು ನೋಡದೆ ಪಂಪಿನ ಕಡೆ ಓಡಬಾರದು. ಕೆಲಸ ಕಲಿಸಿದ್ದು ಇದು. ಈಗ ನನ್ನ ಹತ್ತಿರ ಪಿಕಪ್ ಎರಡು, ಮುಚ್ಚಳದ ಪಂಜರ ಐದು, ಆಕ್ಸಿಜನ್ ಸಿಲಿಂಡರ್ ಮೂರು, ನೋಡಿಕೊಳ್ಳುವ ಕೆರೆ ಹದಿನಾಲ್ಕು. ಪ್ರದೀಪನ ಹತ್ತಿರ ಕೆರೆ ಎರಡೇ. ಎರಡೂ ನನ್ನವಕ್ಕಿಂತ ದೊಡ್ಡವು.