ಐಲಿಯ ಬೆಚ್ಚನೆ ಪೈಪು

ಶಾಲೆಯ ಅಡುಗೆಮನೆಯಲ್ಲಿ ಮೂವತ್ತಾರು ವರ್ಷ ಬಟಾಣಿ ಸೂಪು ಕುದಿಸಿ ನಿವೃತ್ತಳಾದ ಐಲಿಗೆ ಈಗ ಎಪ್ಪತ್ತೊಂದು. ಹಟದಲ್ಲಿ ನಮ್ಮ ಇಡೀ ಕೆಮಿಯಾರ್ವಿ ಊರಿಗೇ ಅವಳು ಮೊದಲು. ಎರಡನೆಯವಳು ನಮ್ಮ ಲಾಹ್ಯ, ಮೂರನೆಯವಳು ನಾನು. ನಲವತ್ತು ವರ್ಷಗಳಿಂದ ಪ್ರತಿ ಶನಿವಾರ ನಾವು ಮೂವರೂ ಐಲಿಯ ಮನೆಯ ಹಿಂದೆ, ಕೆರೆ ದಂಡೆಯ ಸೌನಾದಲ್ಲಿ, ಅಂದರೆ ಒಲೆ ಉರಿಸಿದ ಹಬೆಕೋಣೆಯಲ್ಲಿ, ಕೂತು ಬೆವರಿ, ಮಿಂದು, ಊರಿನವರನ್ನೆಲ್ಲ ಆಡಿಕೊಂಡು ಹಗುರಾಗುತ್ತೇವೆ.

ಹೋದ ಚಳಿಗಾಲ ಆ ಸೌನಾದ ನೀರಿನ ಪೈಪು ಮೂರು ಸಲ ಹೆಪ್ಪುಗಟ್ಟಿತು. ಲಾಹ್ಯಳ ಹೊಸ ಫ್ಲಾಟಿನಲ್ಲೋ, ಗುಂಡಿ ಒತ್ತಿದರೆ ಕಾಯುವ ಕರೆಂಟಿನ ಸೌನಾ.

“ಇನ್ನೊಂದ್ಸಲ ನಲ್ಲಿ ಕೈಕೊಟ್ರೆ ಶನಿವಾರ ನನ್ನ ಮನೇಲೇ. ಆಮೇಲೆ ಮುಖ ಊದಿಸ್ಕೋಬೇಡ,” ಅಂದಳು ಲಾಹ್ಯ.

ಐಲಿಗೆ ಅದು ನಾಟಿತು. ಗಂಡ ಅರ್ವೊ ತೀರಿಹೋದ ಮೇಲೆ ಆ ಮನೆಗೆ ಜನ ಅಂತ ಬರುತ್ತಿದ್ದುದು ಶನಿವಾರ ಮಾತ್ರ. ಅದೂ ತಪ್ಪಿದರೆ ಅವಳ ಜೊತೆ ಮಾತಾಡಲು ರೇಡಿಯೊ ಒಂದೇ.

ನವೆಂಬರಿನಲ್ಲಿ ಅವಳು ಪೈಪು ಬಿಸಿ ಮಾಡುವ ಕೇಬಲ್ ತಂದಳು.

“ಎಲೆಕ್ಟ್ರಿಷಿಯನ್‌ನ ಕರಿಯೋಣ ಕಣೆ,” ಅಂದೆ.

“ಪ್ಲಗ್ ಸಿಕ್ಕಿಸೋಕೆ ಅವನ್ಯಾಕೆ? ಕಾಫಿ ಮಾಡೋಕೂ ಅವನನ್ನೇ ಕರಿ!”

ಸೌನಾದ ನೆಲದಡಿಗೆ ಹೊಟ್ಟೆಯ ಮೇಲೆ ತೆವಳಿ ಹೋದಳು. ಕೇಬಲನ್ನು ಪೈಪಿನುದ್ದಕ್ಕೂ ನೆಟ್ಟಗೆ ಹಿಡಿದು, ಎಲ್ಲೂ ಸುತ್ತು ಬೀಳದಂತೆ ಬೆಳ್ಳಿ ಬಣ್ಣದ ಟೇಪು ಅಂಟಿಸಿ, ಮೇಲೆ ಫೋಮಿನ ಕೊಳವೆ ತೊಡಿಸಿದಳು. ಕೆಲಸ ಅಚ್ಚುಕಟ್ಟು. ವಾಪಸು ಬರುವಾಗ ಮಾತ್ರ ಸೊಂಟ ಸಿಕ್ಕಿಕೊಂಡಿತು. ನಾನು ಕಾಲು ಹಿಡಿದು ಎಳೆದರೆ ಬೂಟು ನನ್ನ ಕೈಗೆ ಬಂತು, ಅವಳು ಅಲ್ಲೇ ಉಳಿದಳು. ಒಳಗೆ ಅವಳು, ಹೊರಗೆ ನಾನು, ನಕ್ಕು ನಕ್ಕು ಇಬ್ಬರಿಗೂ ಕೈಕಾಲಲ್ಲಿ ಶಕ್ತಿಯೇ ಉಳಿಯಲಿಲ್ಲ. ಕೊನೆಗೂ ಹೊರಬಂದು, ಹತ್ತಿರದಲ್ಲೇ ಅಂಗಳದಲ್ಲಿದ್ದ ಗಿಡ್ಡ ಕಂಬದ ಸಾಕೆಟ್ಟಿಗೆ ಪ್ಲಗ್ ಸಿಕ್ಕಿಸಿದಳು.

ಅಡುಗೆಮನೆಯ ಕೆಲಸ ಬಿಟ್ಟರೂ ಅವಳಿಗೆ ಐದಕ್ಕೇ ಎಚ್ಚರ. ಎದ್ದವಳೇ ಹೋಗಿ ಪೈಪು ಮುಟ್ಟಿ, ನನಗೆ ಫೋನು. “ಬಿಸಿ ಬಿಸಿ ಇದೆ ಕಣೇ!”

“ನಿನ್ನ ಪೈಪಿಗೆ ಬೆಂಕಿ ಬೀಳ! ನನ್ನ ನಿದ್ದೆ ಯಾಕೆ ಹಾಳು ಮಾಡ್ತೀಯ?”

ಡಿಸೆಂಬರಿನ ಎರಡನೇ ಶನಿವಾರ ಚಳಿ ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ ಇಳಿಯಿತು. ಒಲೆ ನಿಗಿನಿಗಿ ಕಾದಿತ್ತು. ಟವೆಲ್ ಸುತ್ತಿಕೊಂಡ ಲಾಹ್ಯ ನಲ್ಲಿ ತಿರುಗಿಸಿದಳು. ಒಂದು ಹನಿಯೂ ಇಲ್ಲ.

ಐಲಿಯ ಮುಖ ಬಿಳಿಚಿತು. “ಬೆಳಿಗ್ಗೆ ಐದಕ್ಕೆ ಬಿಸಿ ಇತ್ತು! ನನ್ನಾಣೆ!”

ನಾನು ಟಾರ್ಚು ಹಿಡಿದು ಕೇಬಲಿನ ಬೆನ್ನು ಹತ್ತಿದೆ, ಅವರಿಬ್ಬರೂ ನನ್ನ ಹಿಂದೆ. ಕಂಬದ ಮುಚ್ಚಳ ತೆಗೆದವಳೇ ಹಿಮದ ಮೇಲೆ ಕುಸಿದು ಕೂತು ನಗತೊಡಗಿದೆ. ಅದು ಚಳಿಯಲ್ಲಿ ಕಾರು ಸ್ಟಾರ್ಟ್ ಆಗಲೆಂದು ಎಂಜಿನ್ ಕಾಯಿಸುವ ಕಂಬ. ಒಳಗಿನ ಗಡಿಯಾರದಲ್ಲಿ ಹೊರಡುವ ಹೊತ್ತು ಇಟ್ಟರೆ, ಅದಕ್ಕೆ ಮುಂಚಿನ ಎರಡು ಗಂಟೆ ಮಾತ್ರ ಕರೆಂಟು. ಮುಳ್ಳು ಆರರ ಮೇಲಿತ್ತು. ಸ್ಕೂಲ್ ಬಸ್ಸು ಓಡಿಸುತ್ತಿದ್ದ ಅರ್ವೊ ಮನೆ ಬಿಡುತ್ತಿದ್ದುದು ಆರಕ್ಕೆ. ಅವನು ಹೋಗಿ ಮೂರು ವರ್ಷ, ಕಾರು ಮಾರಿ ಎರಡು.

“ಅಂದ್ರೆ ಮೂರು ವರ್ಷದಿಂದ ಅರ್ವೊ ದಿನಾ ನಾಲ್ಕಕ್ಕೆದ್ದು ಕರೆಂಟು ಹಾಕ್ತಿದಾನೆ!” ಅಂದಳು ಲಾಹ್ಯ.

ನಾನು ಲಾಹ್ಯಳತ್ತ ಕಣ್ಣು ಬಿಟ್ಟೆ. ಆದರೆ ಆ ಮಾತಿಗೆ ಮೊದಲು ನಕ್ಕವಳು ಐಲಿಯೇ, ಕಣ್ಣಲ್ಲಿ ನೀರು ಬರುವಷ್ಟು.

ಒಲೆ ಆರುವ ಮುಂಚೆ ನೀರು ಬೇಕಲ್ಲ. ಬೆವರಿದ ಮೇಲೆ ಮುಳುಗೇಳಲು ಕೆರೆಯ ಮಂಜುಗಡ್ಡೆಯಲ್ಲಿ ಕೊರೆದಿದ್ದ ಗುಂಡಿಯಿಂದ ಟವೆಲಿನಲ್ಲೇ ಕೈಯಿಂದ ಕೈಗೆ ಬಕೆಟು ಸಾಗಿಸಿದೆವು. ಲಾಹ್ಯ ಜಾರಿ ಬಿದ್ದಳು, ಟವೆಲ್ ಒಂದು ಕಡೆ, ಅವಳು ಒಂದು ಕಡೆ. ಹುಡುಗಿಯರಾಗಿದ್ದಾಗಲೂ ನಾವು ಅಷ್ಟು ಕಿರುಚಿರಲಿಲ್ಲ.

ಬಟ್ಟೆ ತೊಟ್ಟು ಹೊರಡುವಾಗ ಲಾಹ್ಯ ಗಡಿಯಾರದ ಮುಳ್ಳು ತಿರುಗಿಸಲು ಕೈ ಚಾಚಿದಳು. ಐಲಿ ಅವಳ ಮಣಿಕಟ್ಟು ಹಿಡಿದಳು.

“ಬೇಡ. ಅದು ಆರಕ್ಕೇ ಇರಲಿ.”

ಲಾಹ್ಯ ಕೈ ಹಿಂದಕ್ಕೆಳೆದುಕೊಂಡಳು. “ನನ್ನ ಕರೆಂಟು ಸೌನಾದಲ್ಲಿ ಅಣಬೆ ಒಣಗಿಸ್ತೀನಿ ಬಿಡು, ಕೂತ್ಕೊಳ್ಳೋಕೂ ಜಾಗ ಇರಲ್ಲ. ಶನಿವಾರ ಇಲ್ಲೇ,” ಅಂದಳು.

ಮರುದಿನ ಐಲಿ ಮನೆಯ ನೆಲಮಾಳಿಗೆಯಿಂದ ಬೇರೆ ವಯರು ಎಳೆದು ಕೇಬಲಿಗೆ ಕೊಟ್ಟಳು. ಮುಂದಿನ ಶನಿವಾರ ನಲ್ಲಿ ಭೋರೆಂದು ಸುರಿಯಿತು. ಈಗ ಆ ಕಂಬಕ್ಕೆ ಏನನ್ನೂ ಸಿಕ್ಕಿಸಿಲ್ಲ. ನಾಲ್ಕಕ್ಕೆ ಅದು ಟಿಕ್ ಅನ್ನುತ್ತದೆ, ಮತ್ತೆ ಆರಕ್ಕೆ. ಐಲಿಗೂ ಈಗ ನಾಲ್ಕಕ್ಕೇ ಎಚ್ಚರವಂತೆ.