ಅಕ್ಕ ಮತ್ತೆ ನೀರಿಗಿಳಿದಳು

ನಮ್ಮೂರಿನಲ್ಲಿ ನಡುವಯಸ್ಸು ದಾಟಿದ ಹೆಂಗಸರಿಗೆ ಈಜು ಬರುತ್ತದೆ ಎಂದರೆ ಅದಕ್ಕೆ ನಮ್ಮಕ್ಕನೇ ಕಾರಣ. ಸಾರ್ವಜನಿಕ ಈಜುಕೊಳದಲ್ಲಿ ಬೆಳಗಿನ ತರಗತಿ ಅವಳದು. ಸೀಟಿ ಊದಿದವಳಲ್ಲ, ಈ ದಡದಿಂದ ಅವಳು ಕೂಗಿದರೆ ಆ ದಡದಲ್ಲಿ ಹರಟುತ್ತಿದ್ದವರೂ ಕೈಕಾಲು ಬಡಿಯಬೇಕು, ಅಂಥ ಗಂಟಲು.

ಒಮ್ಮೆ ಒದ್ದೆ ಮೆಟ್ಟಿಲಲ್ಲಿ ಜಾರಿಬಿದ್ದು ಪಕ್ಕೆಗೆ ಪೆಟ್ಟಾಯಿತು. ಎಕ್ಸ್‌ರೇ ತೆಗೆಸಿದರೆ ಎಲುಬು ನೆಟ್ಟಗಿತ್ತು. ಬಲ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ಸ್ಕ್ಯಾನ್, ಸೂಜಿ ಪರೀಕ್ಷೆ ಮುಗಿದ ಮೇಲೆ ಕ್ಯಾನ್ಸರ್ ಎಂದರು. ಸಿಗರೇಟಿನ ಹೊಗೆ ಕಂಡರೆ ಮೂಗು ಮುಚ್ಚುವವಳಿಗೆ! ಭಾವ ಕುರ್ಚಿಯಲ್ಲಿ ಕುಸಿದು ಕೂತರು. ಅಕ್ಕ ಮಾತ್ರ ಸರ್ಜನ್ ಮೇಡಂ ಮುಂದೆ ನೇರವಾಗಿ ಕೂತು ಕೇಳಿದಳು, "ಎಷ್ಟು ತೆಗೀತೀರಿ, ಎಷ್ಟು ಉಳಿಸ್ತೀರಿ, ಮೊದಲು ಅದು ಹೇಳಿ."

ಅವರು ಹಾಳೆಯ ಮೇಲೆ ಶ್ವಾಸಕೋಶದ ಚಿತ್ರ ಬರೆದರು. "ಮೊದಲೆಲ್ಲ ಈ ಮೇಲ್ಭಾಗ ಇಡೀ ತೆಗೀತಿದ್ವಿ. ನಿಮ್ಮದು ಇನ್ನೂ ಚಿಕ್ಕದು, ಅಂಚಲ್ಲೇ ಇದೆ. ಗಂಟಿರೋ ತುಂಡಷ್ಟೇ ತೆಗೆದ್ರೆ ಸಾಕಾಗಬಹುದು. ಆಪರೇಷನ್ ಮಾಡ್ತಾನೇ ಪಕ್ಕದ ಗ್ರಂಥಿಗಳನ್ನೂ ನೋಡ್ತೀವಿ. ಅಲ್ಲಿಗೆ ಹರಡಿದ್ರೆ ಮಾತ್ರ ಹೆಚ್ಚು ತೆಗೀಬೇಕಾಗುತ್ತೆ."

"ಹರಡಿದ್ರೆ ತೆಗೀರಿ. ಇಲ್ಲಾಂದ್ರೆ ಒಂದು ಚೂರೂ ಜಾಸ್ತಿ ಮುಟ್ಟಬೇಡಿ. ನನಗೆ ಕೆಲಸ ಇದೆ."

ಹರಡಿರಲಿಲ್ಲ. ಆಪರೇಷನ್ ಮುಗಿಸಿ ಸರ್ಜನ್ ಹೊರಗೆ ಬಂದು ಹೇಳಿದಾಗ ಭಾವ ನನ್ನ ಭುಜ ಹಿಡಿದುಕೊಂಡು ಅತ್ತೇಬಿಟ್ಟರು.

ಮರುದಿನ ಪಕ್ಕೆಯಲ್ಲಿ ಕೊಳವೆ ಇದ್ದಂತೆಯೇ ಅಕ್ಕ ವರಾಂಡದಲ್ಲಿ ನಡೆದಳು. ಉಸಿರೆಳೆದರೆ ಒಳಗಿನ ಚೆಂಡು ಮೇಲೇಳುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ನರ್ಸ್ ಕೊಟ್ಟಿದ್ದರು. ಮೊದಮೊದಲು ಚೆಂಡು ಅಲುಗಲೇ ಇಲ್ಲ. ಹಣೆಯಲ್ಲಿ ಬೆವರು, ನೋವಿಗೆ ಕಚ್ಚಿದ ಹಲ್ಲು.

"ಸಾಕು ಬಿಡೇ," ಎಂದರು ಭಾವ.

"ನೀವು ಸುಮ್ನಿರಿ. ನಿಮ್ಮನ್ನ ನೀರಿಗಿಳಿಸೋದಕ್ಕಿಂತ ಇದು ಸುಲಭ."

ಭಾವನಿಗೆ ಇಂದಿಗೂ ಈಜು ಬರುವುದಿಲ್ಲ. ಪಕ್ಕದ ಮಂಚದಾಕೆ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು.

ಡಾಕ್ಟರು ಒಪ್ಪುವ ತನಕ ಅಕ್ಕ ದಡದಲ್ಲೇ ಕೂತು ಕಲಿಸಿದಳು. ದನಿ ಸಣ್ಣಗಾಗಿತ್ತು, ಹೆಂಗಸರೇ ಹರಟೆ ನಿಲ್ಲಿಸಿ ಕಿವಿಗೊಡುತ್ತಿದ್ದರು. ಆಮೇಲಿನ ಸ್ಕ್ಯಾನ್‌ಗಳಲ್ಲಿ ಈವರೆಗೆ ಏನೂ ಕಂಡಿಲ್ಲ.

ಮತ್ತೆ ನೀರಿಗಿಳಿದ ಮೊದಲ ದಿನ ಅರ್ಧದಲ್ಲೇ ಏದುಸಿರು ಬಂತು. ಗೋಡೆಯ ಕಂಬಿ ಹಿಡಿದು ನಿಂತಳು, ಯಾರೂ ಬರಬೇಡಿ ಎಂದು ಕೈಸನ್ನೆ ಮಾಡಿದಳು. ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಹೊರಟು ಆಚೆ ದಡ ಮುಟ್ಟಿದಳು.

ನನ್ನ ಪಕ್ಕದಲ್ಲಿದ್ದ ಹೊಸಬಳು ಕೇಳಿದಳು, "ಟೀಚರ್ ಯಾಕೆ ಅಷ್ಟು ನಿಧಾನ?"

"ಅವಳು ನಮ್ಮಕ್ಕ," ಎಂದೆ. "ನಿಧಾನ ಆದ್ರೂ ಆಚೆ ದಡ ಮುಟ್ಟಿದ್ಲಲ್ಲ."